ಮರವಂತೆಗೆ ಹೋಗದ ವ್ಯಾನು

ಬಿಸಿ ಎಷ್ಟಿದೆ ಎಂದು ನೋಡಲು ಕೈಯ ಹಿಂಭಾಗ ಇಡಬೇಕು, ಅಂಗೈ ಅಲ್ಲ. ಇದನ್ನು ನನಗೆ ಹೇಳಿಕೊಟ್ಟವರು ನನ್ನ ಗಂಡ. ಎಂಜಿನ್ನಾದರೂ ಅಷ್ಟೆ, ಮಗುವಿನ ಹಣೆಯಾದರೂ ಅಷ್ಟೆ ಎನ್ನುತ್ತಿದ್ದರು. ಆ ವರ್ಷ ದಸರಾ ಮುಗಿದ ಮೇಲೆ ಸುಮಾರು ಏಳು ವಾರ, ದಿನಕ್ಕೆ ಹತ್ತು ಸಲವಾದರೂ ನಮ್ಮ ವ್ಯಾನಿನೊಳಗಿನ ಒಂದು ಬ್ರೇಕರಿನ ಮೇಲೆ ಹೀಗೆ ಕೈಯಿಟ್ಟು ನೋಡಿದ್ದೇನೆ. ಕರೆಂಟು ಹೆಚ್ಚಾದರೆ ತಾನೇ ಬಿದ್ದು ಲೈನು ಕಡಿಯುವ ಸಣ್ಣ ಬಿಳಿ ಸ್ವಿಚ್ಚು ಅದು. ಎಲ್ಲರ ಮನೆಯಲ್ಲೂ ಬಾಗಿಲ ಹಿಂದೆಯೋ ಮೆಟ್ಟಿಲ ಕೆಳಗೋ ಇರುತ್ತದೆ, ಯಾರೂ ಮುಟ್ಟಿ ನೋಡುವುದಿಲ್ಲ. ಶಿವಾಜಿನಗರದ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುವ ನನಗೂ ಅದರ ಗೊಡವೆ ಇರಲಿಲ್ಲ.

ನನ್ನ ಗಂಡ ಇಪ್ಪತ್ತಾರು ವರ್ಷ ಟೆಂಪೊ ಟ್ರಾವೆಲರ್ ಓಡಿಸಿದವರು. ಹನ್ನೆರಡು ಜನರನ್ನು ತುಂಬಿಕೊಂಡು ಧರ್ಮಸ್ಥಳ, ಹಂಪಿ, ಜೋಗ, ಊಟಿ ಎಂದು ಸುತ್ತಿದ್ದೇ ಸುತ್ತಿದ್ದು. ಆದರೆ ಆ ಊರುಗಳನ್ನೆಲ್ಲ ಅವರು ನೋಡಿದ್ದು ಗಾಡಿ ನಿಲ್ಲಿಸುವ ಜಾಗದಿಂದ. ಹಂಪಿ ಎಂದರೆ ಅವರಿಗೆ ಒಂದು ಹುಣಸೆಮರ, ಅದರ ಕೆಳಗಿನ ಟೀ ಅಂಗಡಿ. ಜೋಗ ಎಂದರೆ ಬರೀ ಸದ್ದು. ನಾನು ಹೋಗದೇ ಇರುವ ಊರಿಲ್ಲ, ನೋಡಿರುವ ಊರೂ ಇಲ್ಲ ಎಂದು ಊಟಕ್ಕೆ ಕೂತಾಗ ನಗುತ್ತಾ ಹೇಳುತ್ತಿದ್ದರು. ನಾನೂ ನಗುತ್ತಿದ್ದೆ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಅವರ ಮನಸ್ಸಿನಲ್ಲಿ ಉಳಿದಿದ್ದ ಜಾಗ ಒಂದೇ, ಮರವಂತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ರಸ್ತೆ. ಎಷ್ಟು ಸಲ ಆ ರಸ್ತೆಯಲ್ಲಿ ಹೋಗಿದ್ದರೋ ಲೆಕ್ಕವಿಲ್ಲ, ಆದರೆ ಪ್ರತಿ ಸಲವೂ ಗಾಡಿಯಲ್ಲಿದ್ದವರಿಗೆ ಮುಂದಿನ ದೇವಸ್ಥಾನದ ಮಂಗಳಾರತಿಯ ಅವಸರ. ಹತ್ತು ನಿಮಿಷ ನಿಲ್ಲಿಸಿದರೆ ಗಾಡಿಯವರೆಲ್ಲ ನೀರಿಗೆ ಇಳಿಯುತ್ತಿದ್ದರು, ಇವರು ಟಯರು ನೋಡುತ್ತಿದ್ದರು. ಗಾಡಿಯ ಹಿಂದಿನ ಬಾಗಿಲು ಸಮುದ್ರದ ಕಡೆ ತೆಗೆದಿಟ್ಟು ಒಂದು ದಿನ ಪೂರ್ತಿ ಸುಮ್ಮನೆ ಮಲಗಬೇಕು. ಇಷ್ಟೇ ಅವರ ಆಸೆ. ಇದಕ್ಕಿಂತ ದೊಡ್ಡದನ್ನು ಅವರು ನನ್ನನ್ನು ಯಾವತ್ತೂ ಕೇಳಲಿಲ್ಲ.

ಐವತ್ತೆಂಟಕ್ಕೆ ಅವರ ಶ್ವಾಸಕೋಶ ಕೈಕೊಟ್ಟಿತು. ಒಣಗಿದ ಸ್ಪಂಜಿನ ಹಾಗೆ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ, ಮದ್ದಿಲ್ಲ. ಮಂಚದ ಪಕ್ಕಕ್ಕೆ ಆಕ್ಸಿಜನ್ ಮೆಷಿನ್ ಬಂತು, ಮೂಗಿಗೆ ಕೊಳವೆ ಬಂತು. ಮೆಷಿನ್ನಿಗೆ ಸದಾ ಕರೆಂಟು ಬೇಕು. ಕರೆಂಟು ಹೋದರೆ ಒಂದೂವರೆ ಗಂಟೆ ತಳ್ಳಲು ಒಂದು ಸಣ್ಣ ಸಿಲಿಂಡರು. ಬೆನ್ಸನ್ ಟೌನಿನ ಡಾಕ್ಟರು ಸೆಪ್ಟೆಂಬರಿನಲ್ಲಿ ಹೇಳಿದರು, ಎಲ್ಲಿಗಾದರೂ ಹೋಗುವುದಿದ್ದರೆ ಡಿಸೆಂಬರಿನ ಚಳಿ ಹಿಡಿಯುವುದರೊಳಗೆ ಹೋಗಿಬನ್ನಿ, ಸಮುದ್ರದ ಮಟ್ಟಕ್ಕೆ ಇಳಿದರೆ ಉಸಿರಿಗೂ ಸುಲಭ, ಆಮೇಲೆ ನನ್ನನ್ನು ಕೇಳಬೇಡಿ. ಆ ‘ಆಮೇಲೆ’ ಏನೆಂದು ನಮ್ಮಿಬ್ಬರಿಗೂ ತಿಳಿಯಿತು. ಹೊರಗೆ ಬಂದು ಆಟೋದಲ್ಲಿ ಕೂತಾಗ ಅವರು ಅಂದದ್ದು ಇಷ್ಟೇ, "ಟೀಚರಮ್ಮ, ನಮ್ ಗಾಡೀಲೇ ಮಲ್ಕೊಂಡು ಹೋಗ್ಬಹುದಲ್ವಾ?"

ಮಾರಬೇಕೆಂದಿದ್ದ ಗಾಡಿಯನ್ನು ಮಾರಲಿಲ್ಲ. ಕೆ.ಆರ್. ಪುರದ ಆಚೆ ಒಂದು ಶೆಡ್ಡಿನಲ್ಲಿ ಸೀಟುಗಳನ್ನೆಲ್ಲ ಕಿತ್ತುಹಾಕಿಸಿ, ಒಂದು ಮಂಚ, ಸಣ್ಣ ಏಸಿ, ಬ್ಯಾಟರಿ, ಇನ್ವರ್ಟರು ಕೂರಿಸಿದೆವು. ಸೆಖೆಯಲ್ಲಿ ಅವರಿಗೆ ಉಸಿರು ಕಟ್ಟುತ್ತಿದ್ದುದರಿಂದ ಏಸಿ ಬೇಕೇ ಬೇಕಿತ್ತು. ವೈರಿಂಗ್ ಮಾಡಿದವನು ಯಾದಗಿರಿ ಕಡೆಯವನು, ಮೂವತ್ತರ ಆಚೀಚೆ, ಹೆಂಡತಿ ಎರಡು ಮಕ್ಕಳೊಂದಿಗೆ ಶೆಡ್ಡಿನ ಹಿಂದೆಯೇ ಒಂದು ಬಾಡಿಗೆ ಕೋಣೆಯಲ್ಲಿದ್ದ. ಮಾತು ಕಡಿಮೆ, ಕೆಲಸ ನಿಧಾನ. ನನ್ನಂಥ ಅವಸರದವಳಿಗೆ ಆ ನಿಧಾನವೇ ಅನುಮಾನಕ್ಕೆ ಕಾರಣ. ಇವನಿಗೆ ಕೆಲಸ ಬರುತ್ತದೋ ಇಲ್ಲವೋ ಎಂದು ಗಂಡನ ಹತ್ತಿರ ಎಷ್ಟು ಸಲ ಗೊಣಗಿದೆನೋ.

ಆಯುಧಪೂಜೆಯ ಬೆಳಿಗ್ಗೆ ಅವನು ಉಳಿದ ಕೆಲಸ ಮುಗಿಸಲು ಹಲಸೂರಿನ ನಮ್ಮ ಮನೆಗೇ ಬಂದಿದ್ದ. ಗಾಡಿ ಬೀದಿಯಲ್ಲಿ ನಿಂತಿತ್ತು. ಮಂಚದ ಎದುರಿನ ಬೋರ್ಡಿನಲ್ಲಿ ಮೊದಲು ಮೇನ್ ಸ್ವಿಚ್ಚು, ಅದಕ್ಕೆ ಅಂಟಿಕೊಂಡಂತೆ ಬ್ರೇಕರು, ಎರಡಕ್ಕೂ ಸೇರಿ ಒಂದು ತಾಮ್ರದ ಪಟ್ಟಿ. ಅವನು ಅದರ ಮುಂದೆ ಮಂಡಿಯೂರಿ ಕೂತಿದ್ದ. ರಾಹುಕಾಲಕ್ಕೆ ಇಪ್ಪತ್ತು ನಿಮಿಷವಿತ್ತು. ಬಾಳೆಕಂದು ಕಟ್ಟಿಯಾಗಿತ್ತು, ಬೂದುಗುಂಬಳಕಾಯಿಗೆ ಕುಂಕುಮ ತುಂಬಿಯಾಗಿತ್ತು, ರಸೆಲ್ ಮಾರ್ಕೆಟ್ಟಿನಿಂದ ತಂದ ಸೇವಂತಿಗೆ ಬಿಸಿಲಿಗೆ ಬಾಡುತ್ತಿತ್ತು. ನಮ್ಮಲ್ಲಿ ಆ ದಿನ ಉಳಿ, ಸುತ್ತಿಗೆ, ಕತ್ತರಿ, ಕೈಯಲ್ಲಿ ಹಿಡಿದು ದುಡಿಯುವ ಎಲ್ಲವನ್ನೂ ಪೂಜೆಗೆ ಇಡುತ್ತೇವೆ, ಇಟ್ಟ ಮೇಲೆ ಮಾರನೆಯ ದಿನದವರೆಗೆ ಮುಟ್ಟುವುದಿಲ್ಲ. ನಾನು ತಟ್ಟೆ ಹಿಡಿದು ಅವನ ತಲೆಯ ಮೇಲೇ ನಿಂತು ಸಾಮಾನು ಕೊಡು ಎಂದೆ.

"ಅಕ್ಕಾರ, ಒಂದ್ ಸ್ಕ್ರೂ ಉಳದದ್ರಿ. ಎರಡ್ ನಿಮಿಷ ಕೊಡ್ರಿ," ಅಂದ.

ಸಣ್ಣ ಸಿಲಿಂಡರು ಹಾಕಿಕೊಂಡು ಗಾಡಿಯೊಳಗಿನ ಮಂಚದ ಮೇಲೆ ಮಲಗಿದ್ದ ನನ್ನ ಗಂಡನೂ ಹೇಳಿದರು, ಅವನು ಮುಗಿಸಲಿ ಬಿಡು, ದೇವರೇನು ಓಡಿಹೋಗುವುದಿಲ್ಲ ಎಂದು. ನಾನು ಕೇಳಲಿಲ್ಲ. ಮೂವತ್ತು ವರ್ಷ ಮಕ್ಕಳ ಕೈಯಿಂದ ಉತ್ತರಪತ್ರಿಕೆ ಕಿತ್ತುಕೊಂಡ ಅಭ್ಯಾಸ ನನಗೆ, ಗಂಟೆ ಹೊಡೆದರೆ ಮುಗಿಯಿತು. ಅವನ ಕೈಯಿಂದ ಸ್ಕ್ರೂಡ್ರೈವರು ತೆಗೆದುಕೊಂಡು ತಟ್ಟೆಗೆ ಹಾಕಿದೆ, ನಾಳೆ ಬಿಗಿ ಮಾಡಿದರಾಯಿತು ಎಂದೆ. ಸ್ಟಿಯರಿಂಗಿಗೆ, ಬ್ಯಾಟರಿಗೆ, ಇನ್ವರ್ಟರಿಗೆ, ಮೆಷಿನ್ನಿಗೆ ಎಲ್ಲಕ್ಕೂ ಗಂಧ ಕುಂಕುಮ ಇಟ್ಟೆ. ಬೋರ್ಡಿಗೆ ಬಂದಾಗ, ಎಲ್ಲಕ್ಕೂ ಹಿರಿಯದು ಮೇನ್ ಸ್ವಿಚ್ಚು ತಾನೇ ಎಂದು ಅದಕ್ಕೆ ಧಾರಾಳವಾಗಿ ಇಟ್ಟೆ. ಅದರ ಮುಖದ ಕೆಳಗಡೆ ಒಂದು ಪುಟ್ಟ ಗುಳಿಯಿತ್ತು. ಬೊಟ್ಟಿಗೆಂದೇ ಮಾಡಿದಂತಿದ್ದ ಆ ಗುಳಿಯನ್ನು ಉಂಗುರದ ಬೆರಳಿನಿಂದ ಒತ್ತಿ ತುಂಬಿದೆ. ವೈರಿಂಗಿನವನು ಸುಮ್ಮನೆ ಕೈಮುಗಿದು ನಿಂತಿದ್ದ. ಪ್ರಸಾದ ತೆಗೆದುಕೊಂಡು, ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಟ. ಅವರ ಕಡೆ ದಸರೆಗೆ ಬನ್ನಿ ಹಂಚಿ ಹಿರಿಯರ ಕಾಲಿಗೆ ಬೀಳದಿದ್ದರೆ ಹಬ್ಬವೇ ಅಲ್ಲ. ನಾಳೆ ಎಂದ ನನಗೂ ಆ ಸ್ಕ್ರೂ ನೆನಪಿರಲಿಲ್ಲ, ಅವನಿಗೂ ಇರಲಿಲ್ಲ.

ಮೂರನೆಯ ದಿನ ನಾವು ಪರೀಕ್ಷೆ ಮಾಡಿದೆವು. ಅವರನ್ನು ವ್ಯಾನಿನ ಮಂಚದಲ್ಲಿ ಮಲಗಿಸಿ ಮೆಷಿನ್ ಹಾಕಿದೆ, ಏಸಿ ಹಾಕಿದೆ. ಇಪ್ಪತ್ತೈದು ನಿಮಿಷ ಎಲ್ಲ ಚೆನ್ನಾಗಿತ್ತು. ಆಮೇಲೆ ಟಕ್ ಎಂದು ಬ್ರೇಕರು ಬಿತ್ತು, ಮೆಷಿನ್ನು ಕೂಗಿಕೊಂಡಿತು, ನಾನು ಸಿಲಿಂಡರಿನ ಕೊಳವೆ ಹುಡುಕುವಷ್ಟರಲ್ಲಿ ಅವರ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಬ್ರೇಕರು ಮುಟ್ಟಿದರೆ ಚುರ್ ಎನ್ನುವ ಬಿಸಿ. ಆರಿದ ಮೇಲೆ ಎತ್ತಿದೆ, ನಿಂತಿತು, ಇಪ್ಪತ್ತೈದು ನಿಮಿಷಕ್ಕೆ ಮತ್ತೆ ಬಿತ್ತು. ಏಸಿ ಇಲ್ಲದೆ ಬರೀ ಮೆಷಿನ್ ಹಾಕಿದರೆ ಬೀಳಲಿಲ್ಲ, ಆದರೂ ಬೆಚ್ಚಗಿರುತ್ತಿತ್ತು. ಅವರು ಮಂಚದಿಂದಲೇ ಕೇಳುವರು, ಬಿಸಿ ಇದೆಯಾ? ನಾನು ಕೈಯಿಟ್ಟು ನೋಡಿ ಹೂಂ ಎನ್ನುವೆ. ಅದೇ ನಮ್ಮ ದಿನದ ಸಂಭಾಷಣೆಯಾಯಿತು.

ವೈರಿಂಗಿನವನಿಗೆ ಫೋನು ಮಾಡಿ ಬಾಯಿಗೆ ಬಂದದ್ದು ಅಂದೆ. ಅವನು ಎಲ್ಲ ಕೇಳಿಸಿಕೊಂಡು, ಸ್ಕ್ರೂ ಎಲ್ಲ ಬಿಗಿ ಇವೆಯೇ ನೋಡಿ, ನಾನು ನಾಲ್ಕು ದಿನದಲ್ಲಿ ಬರುತ್ತೇನೆ ಎಂದ. ನನಗೆ ಪಿತ್ತ ನೆತ್ತಿಗೇರಿತು. ಮಾಡಬೇಕಾದ ಕೆಲಸ ಬಿಟ್ಟು ಊರಿಗೆ ಹೋದವನು ನನಗೆ ಪಾಠ ಹೇಳುತ್ತಾನೆಯೇ? ನೀನು ಮಾಡಿದ್ದೇ ಸಾಕು, ಇನ್ನು ಈ ಗಾಡಿಗೆ ಕೈ ಹಾಕಬೇಡ ಎಂದು ಫೋನು ಇಟ್ಟೆ. ಊರಿಂದ ಬಂದ ಮೇಲೆ ಅವನು ಮೂರು ಸಲ ಫೋನು ಮಾಡಿದ. ಮೂರು ಸಲವೂ ನಾನು ಎತ್ತಲಿಲ್ಲ.

ಕಮ್ಮನಹಳ್ಳಿಯಿಂದ ಇನ್ನೊಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಬ್ರೇಕರು ಕೆಟ್ಟಿದೆ ಎಂದು ಹೊಸದು ಹಾಕಿದ. ಅದೂ ಬಿಸಿಯಾಗಿ ಬಿತ್ತು. ವೈರು ಸಣ್ಣದಾಯಿತು ಎಂದು ದಪ್ಪ ವೈರು ಎಳೆದ. ಆಗಲೂ ಬಿತ್ತು. ಏಸಿಯದ್ದೇ ದೋಷ ಎಂದ, ಏಸಿಯವನು ಬಂದು ನೋಡಿ ಏಸಿ ಬಂಗಾರದ ಹಾಗಿದೆ ಎಂದ. ಪ್ರತಿಯೊಬ್ಬನೂ ಬಿಸಿಯಾಗುತ್ತಿದ್ದ ಬ್ರೇಕರನ್ನೇ ಹಿಡಿದು ಅಲ್ಲಾಡಿಸುತ್ತಿದ್ದ. ಪಕ್ಕದ ಮೇನ್ ಸ್ವಿಚ್ಚನ್ನು ಯಾರೂ ಬಿಚ್ಚಿ ನೋಡಲಿಲ್ಲ. ಅದು ಎಂದೂ ಬಿದ್ದಿರಲಿಲ್ಲ, ಮೇಲಾಗಿ ಗಂಧ ಕುಂಕುಮ ಮೆತ್ತಿಕೊಂಡು ದೇವರ ಹಾಗೆ ಕೂತಿತ್ತು. ಕಮ್ಮನಹಳ್ಳಿಯವನಂತೂ ಅದಕ್ಕೆ ಕೈ ತಾಗಿದಾಗ ಕಣ್ಣಿಗೊತ್ತಿಕೊಂಡಿದ್ದ.

ಅಕ್ಟೋಬರ್ ಕಳೆಯಿತು, ದೀಪಾವಳಿಯೂ ಕಳೆಯಿತು. ನಮ್ಮ ಬೀದಿಯ ಪಟಾಕಿಯ ಹೊಗೆಗೆ ಅವರು ನಾಲ್ಕು ದಿನ ಒದ್ದಾಡಿದರು. ಮೆಷಿನ್ನಿನ ಗಾಳಿಯ ಮಟ್ಟ ನಿಮಿಷಕ್ಕೆ ಎರಡು ಲೀಟರಿನಿಂದ ಮೂರಕ್ಕೆ ಹೋಯಿತು. ನಾನು ಶಾಲೆಗೆ ರಜೆ ಹಾಕಿ ಶಿವಾಜಿನಗರದ ಅಂಗಡಿಗಳ ಮುಂದೆ ನಿಂತು ಕಂಡಕಂಡವರಿಗೆ ಬ್ರೇಕರಿನ ಕಥೆ ಹೇಳುವವಳಾದೆ. ರಾತ್ರಿ ಹಗಲು ತಲೆಯಲ್ಲಿ ಅದೇ. ಒಂದು ಬೆರಳಿನಷ್ಟಿಲ್ಲದ ವಸ್ತು ನನ್ನ ಗಂಡನ ಕೊನೆಯ ಆಸೆಗೆ ಅಡ್ಡ ನಿಂತಿದೆಯಲ್ಲ ಎಂದು ಅಡುಗೆಮನೆಯಲ್ಲಿ ನಿಂತು ಅತ್ತೆ. ಅವರೆದುರು ಅಳಲಿಲ್ಲ. ಅವರೂ ನನ್ನೆದುರು ಮರವಂತೆಯ ಹೆಸರೆತ್ತುವುದನ್ನು ಬಿಟ್ಟಿದ್ದರು.

ಅಂಗಡಿಯವರೊಬ್ಬರು ಸುಲಭದ ದಾರಿ ಹೇಳಿದರು. ಹದಿನಾರು ಆಂಪಿಯರಿನ ಬ್ರೇಕರು ಬೀಳುತ್ತಿದ್ದರೆ ಮೂವತ್ತೆರಡರದ್ದು ಹಾಕಿಸಿ, ಬೀಳುವುದೇ ಇಲ್ಲ, ಎಲ್ಲರೂ ಹಾಗೇ ಮಾಡುವುದು. ಹಾಗೇ ಮಾಡಿಸಿದೆ. ನಿಜವಾಗಿಯೂ ಬೀಳಲಿಲ್ಲ. ಒಂದು ಗಂಟೆ, ಎರಡು ಗಂಟೆ, ಒಂದು ಮಧ್ಯಾಹ್ನ ಪೂರ್ತಿ. ಬಿಸಿ ಇದೆಯಾ ಎಂದು ಅವರು ಕೇಳಿದಾಗ, ಇದ್ದರೆ ಇರಲಿ, ಬೀಳುತ್ತಿಲ್ಲವಲ್ಲ ಎಂದೆ. ಎಂಜಿನ್ ಬಿಸಿಯಾದರೆ ಗಾಡಿಯನ್ನು ಬದಿಗೆ ಹಾಕಿ ಕಾಯುತ್ತಿದ್ದ ಮನುಷ್ಯ, ಹಾಗಾದರೆ ಹೊರಡುವುದು ಯಾವತ್ತು ಎಂದರು. ಅವರಿಗೂ ಹೋಗಬೇಕಿತ್ತು.

ನವೆಂಬರ್ ನಡುವೆ ಒಂದು ಬೆಳಿಗ್ಗೆ ಹೊರಟೆವು. ಓಡಿಸಿದವರು ಅವರ ಟ್ಯಾಕ್ಸಿ ಸ್ಟ್ಯಾಂಡಿನ ಗೆಳೆಯ, ಹಲಸೂರಿನಲ್ಲೇ ಹುಟ್ಟಿ ಬೆಳೆದ, ಮನೆಯಲ್ಲಿ ತಮಿಳು ಮಾತಾಡುವವರು. ನನ್ನ ಗಂಡ ತಮ್ಮದೇ ಗಾಡಿಯಲ್ಲಿ ಮೊದಲ ಸಲ ಹಿಂದೆ ಮಲಗಿಕೊಂಡು ಹೋಗುತ್ತಿದ್ದರು, ಗೆಳೆಯನಿಗೆ ರಸ್ತೆಯ ಪ್ರತಿ ಉಬ್ಬಿಗೂ ಬುದ್ಧಿ ಹೇಳುತ್ತಿದ್ದರು. ನೆಲಮಂಗಲ ದಾಟಿದಾಗ ಇಡ್ಲಿ ಬೇಕು ಎಂದರು. ಎಷ್ಟೋ ತಿಂಗಳ ಮೇಲೆ ಅವರಾಗಿ ತಿನ್ನಲು ಏನಾದರೂ ಕೇಳಿದ್ದು ಅದೇ ಮೊದಲು, ನನಗೆ ಎಷ್ಟು ಖುಷಿಯಾಯಿತೆಂದರೆ ನಾನೂ ಎರಡು ಹೆಚ್ಚು ತಿಂದೆ.

ಸೋಲೂರಿನ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಬೋರ್ಡಿನ ಮೇಲೆ ಕೈಯಿಟ್ಟವಳು ಕಿರುಚಿಕೊಂಡೆ, ಬೆರಳ ಗೆಣ್ಣಿನ ಚರ್ಮ ಸುಟ್ಟಿತ್ತು. ಗೆಳೆಯ ಗಾಡಿ ಬದಿಗೆ ಹಾಕಿ ಎಲ್ಲ ಆರಿಸಿದರು. ಏಸಿ ನಿಂತ ಗಾಡಿ ಹತ್ತೇ ನಿಮಿಷದಲ್ಲಿ ಕಾದುಹೋಯಿತು. ಸಿಲಿಂಡರಿನಲ್ಲಿ ಒಂದೂವರೆ ಗಂಟೆಯ ಗಾಳಿ. ಮುಂದೆ ಸಮುದ್ರ ಎಂಟು ಗಂಟೆಯ ದಾರಿ, ಹಿಂದೆ ಮನೆ, ಟ್ರಾಫಿಕ್ ಕೃಪೆ ಮಾಡಿದರೆ ಒಂದೂವರೆ ಗಂಟೆ. ಗೆಳೆಯ ಹಿಂದೆ ತಿರುಗಿ ನನ್ನನ್ನಲ್ಲ, ಅವರನ್ನೇ ಕೇಳಿದರು.

"ಮಗಾ, ವಾಪಸ್ ಹೋಗೋಣ್ವಾ?"

"ತಿರುಗ್ಸು," ಅಂದರು ನನ್ನ ಗಂಡ. ಮುಖವನ್ನು ಗಾಡಿಯ ಗೋಡೆಯ ಕಡೆ ತಿರುಗಿಸಿಕೊಂಡರು.

ಮನೆಗೆ ಬಂದು ಅವರನ್ನು ಮಂಚಕ್ಕೆ ಸೇರಿಸಿದ ಮೇಲೆ ನಾನೊಬ್ಬಳೇ ವ್ಯಾನಿಗೆ ಹೋಗಿ ಬೋರ್ಡಿನ ಮುಂದೆ ನಿಂತೆ. ಮೇನ್ ಸ್ವಿಚ್ಚಿನ ಮೇಲಿನ ಕುಂಕುಮ ಕಪ್ಪಾಗಿತ್ತು. ಬೇರೆಲ್ಲೂ ಅಲ್ಲ, ಅಲ್ಲಿ ಮಾತ್ರ. ಸ್ಟಿಯರಿಂಗಿನ ಮೇಲಿದ್ದದ್ದು ಕೆಂಪಗೇ ಇತ್ತು, ಇನ್ವರ್ಟರಿನ ಮೇಲಿದ್ದದ್ದೂ ಕೆಂಪಗೇ ಇತ್ತು. ಆರನೇ ಕ್ಲಾಸಿನ ಮಗುವಿಗೆ ತೋರಿಸಿದರೂ, ಮಿಸ್, ಬಿಸಿ ಇರೋದು ಅಲ್ಲೇ ಎಂದು ಬೆರಳು ತೋರಿಸುತ್ತಿತ್ತು. ನನಗೆ ಕಂಡದ್ದು ಅಪಶಕುನ. ಒಳಗೆ ಹೋಗಿ ಭರಣಿ ತಂದು, ತಪ್ಪಾಯಿತು ತಾಯಿ ಎಂದು, ಕಪ್ಪಾದ ಬೊಟ್ಟಿನ ಮೇಲೆ ಹೊಸ ಕುಂಕುಮ ಒತ್ತಿಟ್ಟೆ.

ಆ ಪ್ರಯಾಣದಲ್ಲಿ ಅವರಿಗೆ ಎದೆಗೆ ಸೋಂಕು ಹತ್ತಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬಂದಾಗ ಮೂರಿದ್ದ ಮೆಷಿನ್ನಿನ ಮಟ್ಟ ಐದಾಗಿತ್ತು. ನಮ್ಮ ಮೆಷಿನ್ನಿನಲ್ಲಿ ಐದಕ್ಕಿಂತ ಮೇಲೆ ಇರಲಿಲ್ಲ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಪ್ರಯಾಣದ ಮಾತು ಇನ್ನು ಬೇಡ ಎಂದರು.

ಆ ವಾರ ನಾನು ಔಷಧಿ ತಂದು ಬರುವಷ್ಟರಲ್ಲಿ ವ್ಯಾನಿನ ಬಾಗಿಲು ತೆರೆದಿತ್ತು. ಯಾದಗಿರಿಯವನು ಒಳಗೆ ಕೂತಿದ್ದ. ಅವನಿಗೆ ಫೋನು ಮಾಡಿದ್ದು ನನ್ನ ಗಂಡ, ಮಲಗಿದಲ್ಲಿಂದಲೇ. ಇನ್ನು ಅದರಿಂದ ಏನಾಗಬೇಕು ಎಂದು ನಾನು ಬಾಯಿ ತೆರೆಯುವ ಮೊದಲೇ ಅವನು ತುಟಿಗೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದ. ಅವನು ನನಗೆ ಹಾಗೆ ಮಾಡಿದ್ದು ಅದೊಂದೇ ಸಲ. ಕೈಯ ಹಿಂಭಾಗವನ್ನು ಬ್ರೇಕರಿನ ಮೇಲಿಟ್ಟ, ಆಮೇಲೆ ಮೇನ್ ಸ್ವಿಚ್ಚಿನ ಮೇಲಿಟ್ಟ. ಕರೆಂಟು ಆರಿಸಿ, ಟೆಸ್ಟರಿನ ತುದಿಯಿಂದ ಕುಂಕುಮ ಕೆರೆಯತೊಡಗಿದ. ಮೇಲೆ ಕೆಂಪು ಪದರ, ಕೆಳಗೆ ಕಪ್ಪು, ಅದರ ಕೆಳಗೆ ಕಲ್ಲಾಗಿದ್ದ ಗಂಧ. ಎಲ್ಲ ಉದುರಿದ ಮೇಲೆ ಗುಳಿಯ ತಳದಲ್ಲಿ ಸ್ಕ್ರೂವಿನ ತಲೆ ಕಂಡಿತು. ಸ್ಕ್ರೂಡ್ರೈವರು ಇಟ್ಟು ತಿರುಗಿಸಿದ. ಅದು ಒಂದೂವರೆ ಸುತ್ತು ಸಲೀಸಾಗಿ ತಿರುಗಿ, ಬಿಗಿಯಾಗಿ ನಿಂತಿತು.

ಅಲ್ಲಿ ಸಡಿಲವಿದ್ದ ತಾಮ್ರದ ಪಟ್ಟಿ ಕಾಯುತ್ತಿತ್ತು, ಆ ಕಾವು ಪಟ್ಟಿಯಲ್ಲೇ ಹರಿದು ಪಕ್ಕದ ಬ್ರೇಕರನ್ನು ಬೀಳಿಸುತ್ತಿತ್ತು. ಇಷ್ಟೇ. ಏಳು ವಾರ ನಾವು ಮಾಡಿದ್ದು ನೋವಾದದ್ದನ್ನು ಹಿಡಿದು ಬಡಿದದ್ದು.

"ಅವತ್ತ ಉಳದಿದ್ ಸ್ಕ್ರೂ ಇದೇರಿ, ಅಕ್ಕಾರ. ನಂದೇ ತಪ್ಪ. ನೆನಪ್ ಇಟ್ಕೋಬೇಕಿತ್ರಿ," ಅಂದ. ನನ್ನ ಮುಖ ನೋಡಲಿಲ್ಲ.

ತಪ್ಪು ಅವನದಲ್ಲ ಎಂದು ಹೇಳಲು ನನಗೆ ಎರಡು ನಿಮಿಷ ಸಾಕಿತ್ತು. ಅವನು ಸಾಮಾನು ಚೀಲಕ್ಕೆ ಹಾಕುವವರೆಗೂ ಸಮಯವಿತ್ತು. ನಾನು ಹೇಳಲಿಲ್ಲ. ಅಷ್ಟೇ ಅಲ್ಲ, ಒಳಗೆ ಹೋದಾಗ ಏನಾಗಿತ್ತಂತೆ ಎಂದು ಗಂಡ ಕೇಳಿದರೆ, ಅವನು ಒಂದು ಸ್ಕ್ರೂ ಬಿಗಿ ಮಾಡುವುದನ್ನು ಮರೆತಿದ್ದನಂತೆ ಎಂದೆ. ಪಾಪ, ಹೋಗಲಿ ಬಿಡು, ಅವನನ್ನು ಬೈಯಬೇಡ ಎಂದರು. ನಾನು ಗಂಜಿ ಬಿಸಿ ಮಾಡುವ ನೆಪದಲ್ಲಿ ಒಳಗೆ ಹೋದೆ.

ಆಮೇಲೆ ವ್ಯಾನಿನಲ್ಲಿ ಎಲ್ಲವೂ ನಡೆಯಿತು. ಮೆಷಿನ್, ಏಸಿ ಎರಡನ್ನೂ ಹಾಕಿ ನಾಲ್ಕು ಗಂಟೆ ಬಿಟ್ಟರೂ ಬೋರ್ಡು ತಣ್ಣಗೆ. ಮಂಚದಲ್ಲಿ ಯಾರೂ ಇರಲಿಲ್ಲ.

ಡಿಸೆಂಬರ್ ಕೊನೆಗೆ ಅವರನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದೆವು. ನಮ್ಮದೇ ವ್ಯಾನಿನಲ್ಲಿ ಕರೆದುಕೊಂಡು ಹೋದೆವು, ಗೆಳೆಯನೇ ಓಡಿಸಿದರು. ಹಲಸೂರಿನಿಂದ ಆಸ್ಪತ್ರೆಯ ಪಾರ್ಕಿಂಗ್ ಜಾಗದವರೆಗೆ, ಅಷ್ಟು ಆಸೆಪಟ್ಟು ಮಾಡಿಸಿದ ಗಾಡಿ ಅವರನ್ನು ಹೊತ್ತು ಸರಿಯಾಗಿ ತಲುಪಿಸಿದ ದಾರಿ ಅದೊಂದೇ. ವಾರ್ಡಿನ ಕಿಟಕಿಯಿಂದ ಕೆಳಗೆ ಗಾಡಿಯ ಬಿಳಿ ಟಾಪು ಕಾಣುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ, ಮುಖದ ಮಾಸ್ಕು ಸ್ವಲ್ಪ ಸರಿಸಿ ನನ್ನನ್ನು ಹತ್ತಿರ ಕರೆದರು. ಮಾತು ಕಷ್ಟವಿತ್ತು, ಒಂದು ಉಸಿರಿಗೆ ಎರಡೇ ಶಬ್ದ. ನೀರು ಬೇಕೇನೋ ಎಂದು ಬಗ್ಗಿದೆ.

"ಟೀಚರಮ್ಮ, ಮುಂದಿನ್ ಸಲ ಕುಂಕುಮ ಸ್ವಲ್ಪ ಕಮ್ಮಿ ಇಡು," ಅಂದರು.

ನಕ್ಕರು ಕೂಡ. ಅವರಿಗೆ ಎಲ್ಲ ಗೊತ್ತಿತ್ತು. ಆಯುಧಪೂಜೆಯ ದಿನ ಬೋರ್ಡಿನ ಎದುರಿಗೇ ಮಲಗಿದ್ದವರು, ನನ್ನ ಬೆರಳು ಎಲ್ಲಿ ಒತ್ತಿತು ಎಂದು ಕಂಡಿದ್ದವರು ಅವರು. ಎಂದು ಹೊಳೆಯಿತೋ, ಸೋಲೂರಿನಲ್ಲೋ, ನಾನು ಸುಳ್ಳು ಹೇಳಿದ ದಿನವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮಾಸ್ಕು ಸರಿಮಾಡಿ, ಆಗಲಿ ರೀ ಎಂದೆ. ನಾಲ್ಕು ದಿನಕ್ಕೆ ಹೋಗಿಬಿಟ್ಟರು.

ಹದಿಮೂರನೆಯ ದಿನ ಊಟಕ್ಕೆ ಯಾದಗಿರಿಯವನು ಹೆಂಡತಿ ಮಕ್ಕಳೊಂದಿಗೆ ಬಂದಿದ್ದ. ಎಲ್ಲರೂ ಹೋಗುವವರೆಗೆ ಕಾದು, ಅವನನ್ನು ವ್ಯಾನಿನ ಹತ್ತಿರ ಕರೆದೆ. ಅವತ್ತು ನೀನು ಎರಡು ನಿಮಿಷ ಕೇಳಿದ್ದೆ, ನಾನು ಕೊಡಲಿಲ್ಲ, ತಪ್ಪು ನನ್ನದು ಎಂದೆ. ಈಗ ಅದನ್ನೆಲ್ಲ ಯಾಕೆ ಎಂದ. ಅವನು ಹೇಳಿದ್ದೂ ಸರಿಯೇ. ಅದನ್ನು ಕೇಳಬೇಕಾಗಿದ್ದವರು ಇರಲಿಲ್ಲ.

ಈ ವರ್ಷ ಆಯುಧಪೂಜೆಗೆ ಗಾಡಿಯನ್ನು ತೊಳೆದೆ. ಬೀದಿಯ ಹೆಂಗಸರು ತಟ್ಟೆ ಹಿಡಿದು ಬಂದರು, ನೀವು ಕೂತಿರಿ, ನಾವು ಇಡುತ್ತೇವೆ ಎಂದರು. ಕುಂಕುಮ ಇಡುವ ಕೈ ನನ್ನದಲ್ಲ ಈಗ, ಅದನ್ನು ಅವರು ಮೃದುವಾಗಿಯೇ ಹೇಳಿದರು. ನಾನು ಬಾಗಿಲಲ್ಲಿ ಕೂತು ನೋಡಿದೆ. ಒಬ್ಬಳು ಬೋರ್ಡಿನ ಹತ್ತಿರ ಬೆರಳು ಒಯ್ದಾಗ, ಅಲ್ಲಿ ಬೇಡಮ್ಮ, ಅಷ್ಟು ಸಾಕು ಎಂದೆ.